ನಿಗೆರ್‌ನ ಮೊಮ್ಮಕ್ಕಳು

ದುಮಿತ್ರು ಕುರಿಯ ಹಿಂಗಾಲು ಹಿಡಿದೆಳೆದು, ಅದನ್ನು ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಬೆನ್ನಿನ ಉಣ್ಣೆಯನ್ನು ಎರಡೂ ಕೈಯಿಂದ ಬಗೆದು ಒಳಗೆ ಮೂಗು ತೂರಿಸಿದ. ಕುರಿ ಅರಚಿತು. ಅವನು ತಲೆಯೆತ್ತಿ ಎಲ್ಲರನ್ನೂ ಒಮ್ಮೆ ನೋಡಿ ಒಂದೇ ಉಸಿರಿಗೆ ಏನೋ ಹೇಳತೊಡಗಿದ. ಹೇಳಿದ, ಹೇಳಿದ, ನಿಲ್ಲಿಸಲೇ ಇಲ್ಲ. ಕೊನೆಗೆ ಕುರಿಯ ಬೆನ್ನಿನ ಮೇಲೊಂದು ಏಟು ಹಾಕಿ "ನ್ಯಾಗ್ರ!" ಎಂದ.

ಎಲ್ಲರೂ ಚೈತ್ರಾಳ ಕಡೆ ತಿರುಗಿದರು.

"ಏನಂತಾನವ್ವ?" ರಂಗಪ್ಪ ಕೇಳಿದ. ಕುರಿ ಅವನದು.

"ಕಪ್ಪುಗೈತೆ ಅಂತಾರೆ ಅಜ್ಜ."

"ಅಷ್ಟೊತ್ತು ಹೇಳಿದ್ದು ಅಷ್ಟೇನಾ?"

"ಭಾಳ ಕಪ್ಪುಗೈತೆ ಅಂತ."

"ಅದು ನಮಗೂ ಕಾಣ್ತೈತಲ್ಲ," ಎಂದಳು ರಂಗಪ್ಪನ ಹೆಂಡತಿ ಏಕನಾಥಮ್ಮ. "ಅದನ್ನ ಹೇಳಾಕೆ ಅಷ್ಟು ದೂರದಿಂದ ಬರಬೇಕಿತ್ತೇನು?"

ಮಾರಿಕಣಿವೆಯ ಹಿಂದಿನ ಗುಡ್ಡ, ಅಲ್ಲಿ ರಂಗಪ್ಪನ ಹಟ್ಟಿ. ಮೇಲಿನ ಸಾಲಿನಲ್ಲಿ ಗಾಳಿ ಫ್ಯಾನುಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಮೊಬೈಲಿಗೆ ಒಂದು ಕಡ್ಡಿಯೂ ಸಿಗ್ನಲ್ ಇಲ್ಲ. ಇದ್ದಿದ್ದರೆ ಚೈತ್ರಾಳ ಅಗತ್ಯವೇ ಇರುತ್ತಿರಲಿಲ್ಲ. ಚೇತನ್‌ಕುಮಾರ್ ಆಗ ಭಾಷಾಂತರಕ್ಕೆ ತನ್ನ ಫೋನನ್ನೇ ಇಬ್ಬರ ನಡುವೆ ಹಿಡಿದು ಮಾತಾಡಿಸಿಬಿಡುತ್ತಿದ್ದ. ಅವನು ಕುರಿಗಾರರ ಒಂದು ಸಂಸ್ಥೆಯವನು, ಚಿತ್ರದುರ್ಗದಲ್ಲಿ ಆಫೀಸು. ದುಮಿತ್ರು ಆ ಸಂಸ್ಥೆಯ ಅತಿಥಿ, ರೊಮೇನಿಯಾ ದೇಶದ ಮುದಿ ಕುರಿಗಾರ, ತಲೆಯ ಮೇಲೆ ಕುರಿಮರಿ ಚರ್ಮದ ಕರಿ ಟೋಪಿ. ಅವನ ಜೊತೆ ಇಂಗ್ಲಿಷ್ ಬಲ್ಲ ಮೊಮ್ಮಗಳೊಬ್ಬಳು ಬಂದಿದ್ದಳು. ಅವಳು ದುರ್ಗದ ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ತಿಂದು, ಈಗ ಲಾಡ್ಜಿನಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು.

ನಿನ್ನೆ ಸಂಜೆ ಚೇತನ್‌ಕುಮಾರ್ ಚೈತ್ರಾಳಿಗೆ ಫೋನ್ ಮಾಡಿದ್ದ. "ರೊಮೇನಿಯನ್ ಬರುತ್ತೇನ್ರಿ ನಿಮಗೆ?"

ಚೈತ್ರಾಳಿಗೆ ಬರುತ್ತಿದ್ದದ್ದು ಸ್ಪ್ಯಾನಿಷ್. ಹಿರಿಯೂರಿನಲ್ಲಿ ಅಪ್ಪನ ತೆಂಗಿನಕಾಯಿ ಮಂಡಿಯ ಮೇಲಿನ ಕೋಣೆಯಲ್ಲಿ ಕೂತು, ಪುಣೆ, ಕೊಚ್ಚಿ, ಸೂರತ್ತಿನ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಆ ಭಾಷೆ ಕಲಿಸುತ್ತಿದ್ದಳು. ಕೆಳಗೆ ಕಾಯಿ ಸುಲಿಯುವ ಸದ್ದು, ಮೇಲೆ ಕ್ರಿಯಾಪದಗಳು. ಸ್ಪ್ಯಾನಿಷ್ ಮಾತಾಡುವ ಮನುಷ್ಯನೊಬ್ಬನನ್ನು ಮುಖಾಮುಖಿಯಾಗಿ ಇದುವರೆಗೆ ಅವಳು ನೋಡಿರಲಿಲ್ಲ. ಅವಳ ಪಾಲಿಗೆ ಆ ಭಾಷೆ ಇದ್ದದ್ದು ಗಾಜಿನ ಹಿಂದೆ.

ಅವಳು ಉತ್ತರಿಸುವ ಮೊದಲೇ ಚೇತನ್‌ಕುಮಾರ್ ಉಳಿದದ್ದನ್ನೂ ಹೇಳಿಬಿಟ್ಟಿದ್ದ. ಬರುವ ಬೇಸಿಗೆಯಲ್ಲಿ ಸ್ಪೇನಿನಲ್ಲಿ ಕುರಿಗಾರರ ದೊಡ್ಡ ಸಭೆ. ಈ ಕಡೆಯಿಂದ ರಂಗಪ್ಪ ಹೋಗಬೇಕು, ಅವನ ಜೊತೆ ಮಾತು ದಾಟಿಸುವವರೊಬ್ಬರು. ಆದರೆ ಮುದುಕ ಒಪ್ಪುತ್ತಿಲ್ಲ. "ಕುರಿಗಾರ ಹೇಳಿದರೆ ಕುರಿಗಾರ ಕೇಳ್ತಾನೆ. ಆ ರೊಮೇನಿಯಾದವರ ಕೈಲಿ ಹೇಳಿಸಿ ಒಪ್ಪಿಸಿಬಿಡಿ. ಅವರು ಹೂಂ ಅಂದರೆ ನೀವೇ ಜೊತೇಲಿ ಹೋಗಿ."

"ಬರುತ್ತೆ ಸರ್," ಎಂದಿದ್ದಳು ಚೈತ್ರಾ.

ಪೂರ್ತಿ ಸುಳ್ಳೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ಮಾತನ್ನು ಹಿಡಿದು ಅದರ ಮಕ್ಕಳು ಮೊಮ್ಮಕ್ಕಳು ಯಾವ ಯಾವ ಊರು ಸೇರಿದರು ಎಂದು ಹುಡುಕುತ್ತ ಹೋಗುವುದು ಅವಳ ಹಳೆಯ ಚಟ. ಸ್ಪ್ಯಾನಿಷ್, ರೊಮೇನಿಯನ್ ಎರಡಕ್ಕೂ ತಾಯಿಯಾದ ಲ್ಯಾಟಿನ್ನಿನಲ್ಲಿ ಕಪ್ಪಿಗೆ ಎರಡು ಮಾತಿದ್ದವು. ಹೊಳಪಿಲ್ಲದ ಕಪ್ಪಿಗೆ ಆತೆರ್; ಅದರ ವಂಶ ಹೆಚ್ಚು ಕಡಿಮೆ ಅಲ್ಲೇ ನಿಂತುಹೋಯಿತು. ಹೊಳೆಯುವ ಕಪ್ಪಿಗೆ ನಿಗೆರ್. ಗಂಡಾದರೆ ನಿಗೆರ್, ಹೆಣ್ಣಾದರೆ ನಿಗ್ರಾ, ಎರಡೂ ಅಲ್ಲದಿದ್ದರೆ ನಿಗ್ರುಮ್. ನಿಗೆರ್‌ನ ಸಂಸಾರ ಮಾತ್ರ ಬೆಳೆಯಿತು. ಸ್ಪೇನಿಗೆ ಹೋದವನು ನೆಗ್ರೊ ಆದ, ಅವನ ತಂಗಿ ನೆಗ್ರಾ. ಇಟಲಿಯಲ್ಲಿ ಉಳಿದವನು ನಡುವಿನ ಗಕಾರವನ್ನು ನುಂಗಿ ನೇರೊ ಆದ. ಫ್ರಾನ್ಸಿನವನು ಹೆತ್ತ ತಾಯಿಗೂ ಗುರುತು ಸಿಗದಂತೆ ಬದಲಾಗಿ ನ್ವಾರ್ ಎನಿಸಿಕೊಂಡ. ಎಲ್ಲರಿಂದ ದೂರ, ಬೇರೆ ಭಾಷೆಗಳ ನಡುವೆ ಒಂಟಿಯಾಗಿ ಸಿಕ್ಕಿಕೊಂಡ ರೊಮೇನಿಯಾದವನು ನೆಗ್ರು. ಅವನ ತಂಗಿ ನ್ಯಾಗ್ರ. ಎಲ್ಲ ಒಂದೇ ಮನೆಯವರು. ಮನೆಯವರು ಎಂದ ಮೇಲೆ ಹೇಗೋ ಮಾತಾಡಬಹುದು. ಊಟದ ತಟ್ಟೆ ಮುಂದಿಟ್ಟುಕೊಂಡು ಅವಳು ಒಂದು ಉಪಾಯವನ್ನೂ ಕಂಡುಕೊಂಡಳು: ಸ್ಪ್ಯಾನಿಷ್ ಮಾತಿನ ಕೊನೆಯನ್ನು ಕತ್ತರಿಸಿಬಿಟ್ಟರೆ ರೊಮೇನಿಯನ್ ಥರ ಕೇಳಿಸುತ್ತದೆ. ಒಳ್ಳೆಯದು ಎನ್ನುವ ಬ್ವೇನೊ ಹೋಗಿ ಬುನ್.

ಬೆಳಿಗ್ಗೆಯಿಂದ ಹಾಗೇ ಕತ್ತರಿಸುತ್ತಿದ್ದಳು. ದುಮಿತ್ರು ಅವಳ ಮಾತನ್ನು, ಹೆಜ್ಜೆ ಇಡಲು ಕಲಿಯುತ್ತಿರುವ ಕೂಸನ್ನು ನೋಡುವವರ ಹಾಗೆ, ಬಾಯಿ ಸ್ವಲ್ಪ ತೆರೆದು, ಕೈ ಸ್ವಲ್ಪ ಮುಂದೆ ಚಾಚಿ ಕೇಳುತ್ತಿದ್ದ.

ಈಗ ಅವನು ಕುರಿಯನ್ನು ಬಿಟ್ಟು ಟಗರಿನ ಕೊಂಬು ಹಿಡಿದಿದ್ದ. "ನೆಗ್ರು," ಎಂದ.

ರಂಗಪ್ಪ ಹುಬ್ಬು ಗಂಟಿಕ್ಕಿದ. "ಕುರಿಗೆ ಒಂದಂತಾನೆ, ಟಗರಿಗೆ ಇನ್ನೊಂದಂತಾನೆ. ಎಲ್ಡೂ ಕರೀವೇ ಅಲ್ಲೇನವ್ವ?"

ಇದು ಚೈತ್ರಾಳಿಗೆ ಗೊತ್ತಿದ್ದ ಸಂಗತಿ. ಅವಳ ಮುಖ ಅರಳಿತು. "ಅವರ ಭಾಷೇಲಿ ಬಣ್ಣಕ್ಕೂ ಗಂಡು ಹೆಣ್ಣು ಐತೆ ಅಜ್ಜ. ಮಾತಿನ ಬಾಲ ನೋಡಿದ್ರೆ ಗೊತ್ತಾಗುತ್ತೆ."

"ನಮ್ದೂ ಹಂಗೇ," ಎಂದಳು ಏಕನಾಥಮ್ಮ. "ಬಾಲ ಎತ್ತಿ ನೋಡಿದ್ರೆ ಗೊತ್ತಾಗ್ತೈತೆ."

ರಂಗಪ್ಪ ಗಹಗಹಿಸಿ ನಕ್ಕ. ಯಾಕೆಂದು ತಿಳಿಯದಿದ್ದರೂ ದುಮಿತ್ರು ಅವನಿಗಿಂತ ಜೋರಾಗಿ ನಕ್ಕ. ಚೇತನ್‌ಕುಮಾರ್ ಅವಳ ಪಕ್ಕಕ್ಕೆ ಬಂದು ಪಿಸುಗುಟ್ಟಿದ. "ಚೆನ್ನಾಗಿ ನಡೀತಿದೆ. ಸ್ಪೇನ್ ವಿಷಯ ತೆಗೀರಿ."

ಅಷ್ಟರಲ್ಲಿ ದುಮಿತ್ರು ಇನ್ನೊಂದು ಕುರಿಯ ಕಿವಿಯನ್ನು ಮಡಿಸಿ ಹಿಡಿದು, ಅದರೊಳಗೆ ಬೆರಳು ತೋರಿಸುತ್ತ ಗಂಭೀರವಾಗಿ ಮಾತಾಡತೊಡಗಿದ್ದ. ಚೈತ್ರಾ ತಲೆಯಾಡಿಸುತ್ತ ಕೇಳಿದಳು. ಅವನು ಮುಗಿಸಿದಾಗ ರಂಗಪ್ಪನ ಕಡೆ ತಿರುಗಿದಳು.

"ಸ್ಪೇನ್ ದೇಶ ಭಾಳ ಚೆನ್ನಾಗೈತಂತೆ ಅಜ್ಜ. ನೀವು ಬರಲೇಬೇಕಂತೆ."

"ಕುರಿ ಕಿವಿ ಹಿಡ್ಕಂಡು ಸ್ಪೇನ್ ದೇಶದ ಮಾತಾಡ್ತಾನಾ?"

"ಹೂಂ. ಅಲ್ಲೂ ಕುರಿ ಅವೆ, ಅವಕ್ಕೂ ಕಿವಿ ಅವೆ ಅಂತ."

"ನಾ ಏನೋ ಇಲ್ಲ ಅಂದ್ಕಂಡಿದ್ದೆ," ಎಂದ ರಂಗಪ್ಪ.

ಊಟದ ಹೊತ್ತಿಗೆ ದುಮಿತ್ರು ತನ್ನ ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಗಿಣ್ಣಿನಂಥ ಗಟ್ಟಿಯನ್ನು ತೆಗೆದು ಚಾಕುವಿನಿಂದ ಕೊಯ್ದು ಎಲ್ಲರಿಗೂ ಕೊಟ್ಟ. ಕುರಿ ಹಾಲಿನ ಚೀಸು. ಏಕನಾಥಮ್ಮ ಮೂಸಿ ನೋಡಿ ಗಂಡನಿಗೆ ಮೆಲ್ಲಗೆ ಹೇಳಿದಳು, "ಪಾಪ, ದಾರಿಯಾಗೆ ಕೆಟ್ಟೋಗೈತೆ. ಹೇಳಬ್ಯಾಡ, ನೊಂದ್ಕಂತಾನೆ." ರಂಗಪ್ಪ ಕಣ್ಣು ಮುಚ್ಚಿಕೊಂಡು ನುಂಗಿದ. ಅದಕ್ಕೆ ಪ್ರತಿಯಾಗಿ ದುಮಿತ್ರು ಹುರುಳಿಕಾಳಿನ ಸಾರಿನಲ್ಲಿ ರಾಗಿಮುದ್ದೆ ಉಂಡು, ಖಾರಕ್ಕೆ ಕಣ್ಣಲ್ಲಿ ನೀರು ತುಂಬಿಕೊಂಡು "ಬುನ್, ಬುನ್" ಎಂದ. ಬೆಳಿಗ್ಗೆಯಿಂದ ಚೈತ್ರಾಳಿಗೆ ಸಂಶಯವಿಲ್ಲದೆ ಅರ್ಥವಾದ ಎರಡನೆಯ ಮಾತು ಅದು.

ಊಟವಾದ ಮೇಲೆ ಚೇತನ್‌ಕುಮಾರ್ ಜೀಪಿನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಇಳಿಸಿ ಬೇವಿನ ಮರದ ನೆರಳಿಗೆ ಹಾಕಿದ. "ಬನ್ನಿ ಯಜಮಾನ್ರೇ, ಕೂತು ಮಾತಾಡೋಣ. ಸ್ಪೇನಿನ ವಿಷಯ ಇವತ್ತು ಇತ್ಯರ್ಥ ಆಗಲಿ."

"ಚೇರು ನೀ ಹಾಕ್ಕಳಪ್ಪ," ಎಂದ ರಂಗಪ್ಪ. "ಕುರಿ ಕಾಯೋನು ನಮ್ಮ ಹಟ್ಟಿಗೆ ಬಂದವ್ನೆ. ಅವನಿಗೆ ಕಂಬ್ಳಿ ಹಾಸಬೇಕು."

ಏಕನಾಥಮ್ಮ ಟ್ರಂಕಿನಿಂದ ಕಂಬಳಿ ತಂದಳು. ಬಣ್ಣ ಹಾಕಿದ್ದಲ್ಲ, ಕರಿ ಕುರಿಯ ಉಣ್ಣೆಯನ್ನೇ ಅವಳು ನೂತು, ನೇಯಿಸಿದ್ದು. ಒದರಿ ಹಾಸಿ, ನಾಲ್ಕು ಮೂಲೆಗೂ ಒಂದೊಂದು ಚಿಟಿಕೆ ಭಂಡಾರ ಉದುರಿಸಿದಳು. ಕಪ್ಪಿನ ಮೇಲೆ ಅರಿಸಿನ ಎದ್ದು ಕಂಡಿತು. ದುಮಿತ್ರು ಹೇಳಿಸಿಕೊಳ್ಳದೆಯೇ ಬೂಟು ಕಳಚಿ, ಬಗ್ಗಿ ಅಂಚನ್ನು ಮುಟ್ಟಿ, ಕೂತ. ಎದುರಿಗೆ ರಂಗಪ್ಪ.

"ನೀನೂ ಬಾರವ್ವ."

"ನಾ ಇಲ್ಲೇ ಚೇರಲ್ಲಿ ಕುಂತ್ಕಂತೀನಿ ಅಜ್ಜ."

"ಹಂಗೆಲ್ಲ ಆಗಂಗಿಲ್ಲ. ನನ್ನ ಮಾತೂ ನಿನ್ನ ಬಾಯಾಗೇ ಬರಬೇಕು, ಅವನ ಮಾತೂ ನಿನ್ನ ಬಾಯಾಗೇ ಬರಬೇಕು. ಮಾತು ಹೊರೋರು ಹೊರಗೆ ಕುಂತ್ರೆ ಹೆಂಗೆ?"

"ಚಪ್ಪಲಿ ಬಿಟ್ಟು ಹತ್ತು," ಎಂದಳು ಏಕನಾಥಮ್ಮ, ತಾನೂ ಒಂದು ಅಂಚಿಗೆ ಕೂರುತ್ತ. "ಇದರ ಮ್ಯಾಲೆ ಕುಂತು ಸುಳ್ಳಾಡಂಗಿಲ್ಲ, ಅಷ್ಟೇ. ಬ್ಯಾರೆ ಮಡಿಗಿಡಿ ಏನಿಲ್ಲ."

ಚಪ್ಪಲಿ ಬಿಡುತ್ತಿದ್ದ ಚೈತ್ರಾ ಒಂದು ಕಾಲಿನ ಮೇಲೆ ನಿಂತಳು. "ಆಡಿದ್ರೆ ಏನಾಗುತ್ತಜ್ಜಿ?"

"ನಮ್ಮ ಮಾವನ ಕಾಲದಾಗೆ ಒಬ್ಬ ಆಡಿದ್ನಂತೆ."

"ಏನಾಯ್ತು ಅವನಿಗೆ?"

"ಏನಾಗ್ತೈತೆ? ಚೆನ್ನಾಗೇ ಇದ್ದ. ಅವನ ಮಾತು ಯಾರೂ ಕೇಳ್ಲಿಲ್ಲ, ಅಷ್ಟೇ. ಬೆಂಕಿ ಬಿದ್ದೈತೆ ಅಂದ್ರೂ ಕೇಳ್ಲಿಲ್ಲ."

ಚೈತ್ರಾ ಕೂತಳು. ಉಣ್ಣೆ ಚೂಡಿದಾರದ ಬಟ್ಟೆ ದಾಟಿ ಚುಚ್ಚಿತು.

ರಂಗಪ್ಪ ಗಂಟಲು ಸರಿಮಾಡಿಕೊಂಡ. "ಕೇಳವ್ವ ಇವನ್ನ. ಆ ಸ್ಪೇನಿಗೆ ನಾನು ಹೋಗ್ಬೇಕಾ, ಬ್ಯಾಡ್ವಾ? ಅಲ್ಲಿ ನಿಜವಾಗ್ಲೂ ಏನೈತೆ? ಚೇತನಪ್ಪ ಹೇಳಿದ್ರೆ ನಂಗೆ ನಂಬಿಕೆ ಇಲ್ಲ, ಅದು ಅವನ ಕೆಲಸ. ಇವನು ಏನಂತಾನೋ ಹಂಗೆ ಮಾಡ್ತೀನಿ. ಹೋಗು ಅಂದ್ರೆ ಹೋಗ್ತೀನಿ, ಬ್ಯಾಡ ಅಂದ್ರೆ ಬಿಡ್ತೀನಿ."

ಕುರ್ಚಿಯಲ್ಲಿದ್ದ ಚೇತನ್‌ಕುಮಾರ್ ಅವಳನ್ನು ನೋಡಿ ಕಣ್ಣಲ್ಲೇ ನಕ್ಕ. ಕೆಲಸ ಇಷ್ಟು ಸುಲಭವಾಗುತ್ತದೆಂದು ಅವನೂ ಎಣಿಸಿರಲಿಲ್ಲ.

ಚೈತ್ರಾ ತನ್ನ ಕತ್ತರಿಸಿದ ಮಾತುಗಳಲ್ಲಿ ಕೇಳಿದಳು. ದುಮಿತ್ರು ಬಹಳ ಹೊತ್ತು ಯೋಚಿಸಿದ, ಅವಳೇನು ಕೇಳಿದಳು ಎಂಬುದನ್ನೇ ಯೋಚಿಸುತ್ತಿದ್ದನೋ ಏನೋ. ಆಮೇಲೆ ಮಾತಾಡಿದ. ಈ ಸಲ ಕೈ ಆಡಿಸಲಿಲ್ಲ, ನಗಲಿಲ್ಲ. ಕಂಬಳಿಯನ್ನು ಸವರುತ್ತ, ರಂಗಪ್ಪನ ಮುಖವನ್ನೇ ನೋಡುತ್ತ ಹೇಳಿ ಮುಗಿಸಿದ. ಮುಗಿಸಿ ಚೈತ್ರಾಳ ಕಡೆ ನೋಡಿದ. ರಂಗಪ್ಪನೂ ನೋಡಿದ. ಒಬ್ಬ ಕೊಟ್ಟದ್ದನ್ನು ಇನ್ನೊಬ್ಬನಿಗೆ ಅವಳು ದಾಟಿಸುತ್ತಾಳೆಂದು ಇಬ್ಬರಿಗೂ ನಂಬಿಕೆ.

'ಬನ್ನಿ ಅಂತಾರೆ' ಎಂದರೆ ಸಾಕಿತ್ತು. ಎರಡೇ ಮಾತು. ಗಾಜಿನ ಆಚೆಗಿನ ಊರುಗಳು, ಬೀದಿಗಳು, ಬೆಳಿಗ್ಗೆ ರೊಟ್ಟಿ ಅಂಗಡಿಯಲ್ಲಿ ನಿಂತು ಅವಳು ಆಡಬೇಕೆಂದುಕೊಂಡಿದ್ದ ವಾಕ್ಯಗಳು ಎಲ್ಲ ಆ ಎರಡು ಮಾತಿನ ಹಿಂದೆ ಸಾಲಾಗಿ ನಿಂತಿದ್ದವು. ಆದರೆ ದುಮಿತ್ರು ಬೇಡ ಎಂದಿದ್ದರೆ? ರಂಗಪ್ಪನನ್ನು ಅವಳು ಎಲ್ಲಿಗೆ ಕರೆದೊಯ್ಯುತ್ತಿದ್ದಾಳೆ?

"ಅಜ್ಜ, ಇವರು ಏನು ಹೇಳಿದ್ರು ಅಂತ ನಂಗೆ ಗೊತ್ತಿಲ್ಲ."

"ಮತ್ತೊಂದು ಸಲ ಕೇಳು."

"ಕೇಳಿದ್ರೂ ಗೊತ್ತಾಗಲ್ಲ. ಬೆಳಿಗ್ಗೆಯಿಂದ್ಲೂ ಗೊತ್ತಿಲ್ಲ. ನಂಗೆ ಇವರ ಭಾಷೆ ಬರಲ್ಲ ಅಜ್ಜ. ಕಪ್ಪು ಅಂದಿದ್ದೊಂದು ನಿಜ. ಸಾರು ಚೆನ್ನಾಗೈತೆ ಅಂದಿದ್ದೂ ನಿಜ."

"ಏನ್ರೀ ಚೈತ್ರಾ ಇದು!" ಚೇತನ್‌ಕುಮಾರ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಉರುಳಿತು.

ರಂಗಪ್ಪ ಅವನ ಕಡೆ ನೋಡಲಿಲ್ಲ. "ಸ್ಪೇನ್ ಚೆನ್ನಾಗೈತೆ ಅಂದಿದ್ದು?"

"ನಾನೇ ಅಂದಿದ್ದು."

"ಯಾಕವ್ವ?"

"ನೀವು ಹೂಂ ಅಂದ್ರೆ ನನ್ನೂ ಕಳಿಸ್ತಾರೆ. ನಂಗೆ ಅಲ್ಲಿಗೆ ಹೋಗ್ಬೇಕು. ಭಾಳ ಹೋಗ್ಬೇಕು."

"ತೆಂಗಿನಕಾಯಿ ಮರುಳಸಿದ್ದಪ್ಪನ ಮಗಳು ನೋಡು," ಎಂದಳು ಏಕನಾಥಮ್ಮ. ಬೈದಳೋ ಮೆಚ್ಚಿದಳೋ ತಿಳಿಯಲಿಲ್ಲ. "ಅವರಪ್ಪನೂ ಹಿಂಗೇ, ಬಲಿಯದ ಕಾಯಿ ಕೊಟ್ಟು ಆಮ್ಯಾಕೆ ತಾನೇ ಬಂದು ಹೇಳ್ತಾನೆ."

"ಅವನಿಗೂ ಹೇಳು," ಎಂದ ರಂಗಪ್ಪ, ದುಮಿತ್ರುವಿನ ಕಡೆ ಗಲ್ಲ ತೋರಿಸಿ.

"ಏನು?"

"ಇದನ್ನೇ. ಅವನೂ ಕಂಬ್ಳಿ ಮ್ಯಾಲೆ ಕುಂತವ್ನಲ್ಲ. ನಮಗೊಂದೇ ಹೇಳಿ ಅವನಿಗೆ ಬಿಟ್ರೆ, ಅರ್ಧ ಇನ್ನೂ ಉಳೀತು."

ಹೇಗೆ ಹೇಳುವುದು? ಭಾಷೆ ಬರುವುದಿಲ್ಲ ಎಂಬುದನ್ನು ಬಾರದ ಭಾಷೆಯಲ್ಲಿ ಹೇಳಬೇಕಿತ್ತು. ಕತ್ತರಿಸಲು ಇನ್ನು ಅವಳಲ್ಲಿ ಮನಸ್ಸಿರಲಿಲ್ಲ. ಬಾಲ ಸಮೇತ, ಇಡಿಯಾಗಿ, ಮಂಡಿಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಕಲಿಸುವಷ್ಟು ಸ್ಪಷ್ಟವಾಗಿ ಹೇಳಿದಳು: "ನೋ ಆಬ್ಲೊ ರುಮಾನೊ. ಸೋಲೊ ಎಸ್ಪಾನ್ಯೋಲ್." ರೊಮೇನಿಯನ್ ಬರುವುದಿಲ್ಲ. ಬರೀ ಸ್ಪ್ಯಾನಿಷ್.

ದುಮಿತ್ರು ಅವಳನ್ನು ದಿಟ್ಟಿಸಿದ. ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಆಮೇಲೆ ತೊಡೆ ತಟ್ಟಿಕೊಂಡು ಎಂಥ ಕೂಗು ಹಾಕಿದನೆಂದರೆ ಟಗರು ಬೆದರಿ ಬೇಲಿಗೆ ಹಾಯಿತು.

"ಎಸ್ಪಾನ್ಯೋಲ್!"

ಮುಂದಿನದೆಲ್ಲ ಸ್ಪ್ಯಾನಿಷ್. ಒರಟು, ಮುರುಕು, ಕೆಲವು ಕಡೆ ಬಾಲವಿಲ್ಲದ ಸ್ಪ್ಯಾನಿಷ್, ಆದರೆ ಸ್ಪ್ಯಾನಿಷ್ಷೇ. ಅವನು ಪ್ರಾಯದಲ್ಲಿ ಸ್ಪೇನಿಗೆ ಕೂಲಿಗೆ ಹೋಗಿ, ಅಲ್ಲಿಯ ಗುಡ್ಡಗಳಲ್ಲಿ ಯಾರದೋ ಕುರಿ ಕಾಯ್ದಿದ್ದನಂತೆ. ಮೊದಲೇ ಯಾಕೆ ಹೇಳಲಿಲ್ಲ ಮಗಳೇ ಎಂದು ಅವನು ಕೇಳಿದ. ನೀನು ಆಡುತ್ತಿದ್ದದ್ದು ನಮ್ಮದೇ ಭಾಷೆ, ಪಾಪ ಹುಟ್ಟಾ ತೊದಲು ಇರಬೇಕು, ಏನಾದರೂ ಅಂದರೆ ನೊಂದುಕೊಳ್ಳುತ್ತೀಯ ಎಂದು ಸುಮ್ಮನಿದ್ದೆ ಎಂದ.

ಚೈತ್ರಾಳ ಎದುರಿಗೆ, ಗಾಜಿಲ್ಲದೆ, ಬೆವರು ಮತ್ತು ಚೀಸಿನ ವಾಸನೆಯ ಸಮೇತ, ಆ ಭಾಷೆ ಕೂತಿತ್ತು. ದಿನವಿಡೀ ಕೂತಿತ್ತು. ಅವಳ ಉಪಾಯವೊಂದೇ ಅಡ್ಡ ಇದ್ದದ್ದು.

"ಏನಂತಾನೆ?" ರಂಗಪ್ಪ, ಏಕನಾಥಮ್ಮ, ಕುರ್ಚಿ ಎತ್ತಿ ನಿಲ್ಲಿಸುತ್ತಿದ್ದ ಚೇತನ್‌ಕುಮಾರ್, ಮೂವರೂ ಒಟ್ಟಿಗೆ ಕೇಳಿದರು.

ದುಮಿತ್ರುವನ್ನೇ ಮತ್ತೆ ಕೇಳಿ, ಬೆಳಿಗ್ಗೆಯ ಬಾಕಿಯಿಂದ ಶುರುಮಾಡಿದಳು. ಮೊದಲ ಕುರಿಯ ಉಣ್ಣೆ ಬಗೆದು ಅವನು ಹೇಳಿದ್ದು: ನಮ್ಮಲ್ಲಿ ಕಪ್ಪು ಕುರಿಯ ಉಣ್ಣೆ ಬಿಸಿಲಿಗೆ ತುದಿಯಲ್ಲಿ ಕೆಂಪಾಗುತ್ತದೆ, ಬುಡದಲ್ಲಿ ಮಾತ್ರ ಕಪ್ಪು, ಇಷ್ಟು ಬಿಸಿಲಿನಲ್ಲಿ ಮೇಯುವ ನಿಮ್ಮದು ತುದಿಯವರೆಗೂ ಕಪ್ಪೇ ಇದೆಯಲ್ಲ, ಹೇಗೆ?

"ಹಾಂ," ಎಂದ ರಂಗಪ್ಪ, ಎದೆ ಸ್ವಲ್ಪ ಮುಂದೆ ಬಂತು. "ಇದು ಮಾತು. ಕಿವಿ ಹಿಡ್ಕಂಡು ಏನಂದ?"

ಚೈತ್ರಾ ಕೇಳಿದಳು. ಉತ್ತರ ಕೇಳಿ ತುಟಿ ಕಚ್ಚಿಕೊಂಡಳು. "ಆ ಕುರಿ ಕಿವಿಯೊಳಗೆ ರಕ್ತ ಹೀರೋ ಉಣ್ಣಿಹುಳ ಕಚ್ಕಂಡೈತಂತೆ. ಬೇಗ ತೆಗೀರಿ, ಕೀವಾಗುತ್ತೆ ಅಂದ್ರಂತೆ."

"ಅಯ್ಯೋ, ಅದಕ್ಕೆ ನೀನು ಸ್ಪೇನ್ ಚೆನ್ನಾಗೈತೆ ಅಂದ್ಯಾ!" ಏಕನಾಥಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಂಗಪ್ಪ ಎದ್ದು ಹೋಗಿ ಕುರಿ ಹಿಡಿದು, ಕಿವಿ ನೋಡಿ, ಉಗುರಿನಲ್ಲಿ ಕಿತ್ತು ತಂದು ದುಮಿತ್ರುವಿಗೆ ತೋರಿಸಿದ. ದುಮಿತ್ರು ಅದನ್ನು ಕಲ್ಲಿನ ಮೇಲಿಟ್ಟು ಹೊಸಕಿದ. ಇಬ್ಬರೂ ಮತ್ತೆ ಕೂತರು.

"ಈಗ ಕೇಳವ್ವ. ಹೋಗ್ಬೇಕಾ ಬ್ಯಾಡ್ವಾ?"

ಅವಳು ಕೇಳಿದಳು. ದುಮಿತ್ರು ಹೇಳಿದ. ಅವಳು ಒಂದೊಂದನ್ನೇ ದಾಟಿಸಿದಳು, ಚೇತನ್‌ಕುಮಾರನ ಮುಖ ನೋಡದೆ.

"ಸಭೆ ದಂಡ ಅಂತಾರೆ. ಇವರು ಹಿಂದೊಂದು ಸಲ ಹೋಗಿದ್ರಂತೆ. ದೊಡ್ಡ ಡೇರೆ, ಒಬ್ಬರ ಹಿಂದೆ ಒಬ್ಬರು ಮಾತಾಡ್ತಾರಂತೆ, ಯಾರು ಮಾತಾಡಿದ್ರೂ ಚಪ್ಪಾಳೆ ಹೊಡೀಬೇಕಂತೆ. ಊಟಕ್ಕೆ ನಿಮ್ಮ ಸಾರಿನಷ್ಟು ಖಾರ ಇರಲ್ವಂತೆ. ಆ ಗುಡ್ಡದಾಗೆ ಕೂಲಿಗೆ ಇದ್ದಾಗ ಭಾಳ ಒಂಟಿ ಅನ್ಸಿತ್ತಂತೆ. ಚೆನ್ನಾಗೈತೆ ಅಂತ ಇವರು ಅನ್ನಲ್ಲ."

ಚೇತನ್‌ಕುಮಾರ್ ಹಣೆ ಹಿಡಿದುಕೊಂಡ.

"ಆದರೆ ಸಾಯಂಕಾಲ ಸಭೆ ಮುಗಿದ ಮ್ಯಾಲೆ ಕುರಿ ಕಾಯೋರೆಲ್ಲ ಹೊರಗೆ ಬಂದು ಕುಂತ್ಕಂತಾರಂತೆ. ಯಾರ ಭಾಷೇನೂ ಯಾರಿಗೂ ಬರಲ್ಲ. ಆದ್ರೂ ಯಾರ ನಾಯಿ ಚಲೋದು ಅಂತ ಜಗಳ ಆಡ್ತಾರಂತೆ. ಕರಿ ಕುರಿ ಸಾಕೋರು ಒಂದು ಕಡೆ ಸೇರ್ಕಂತಾರಂತೆ. ನೆಗ್ರೊ, ನ್ವಾರ್, ನೇರೊ ಅಂತ ಒಬ್ಬೊಬ್ಬರು ಒಂದೊಂದು ಕೂಗ್ತಾರಂತೆ, ಎಲ್ಲರಿಗೂ ತಿಳೀತೈತಂತೆ. ಅದಕ್ಕಾಗಿ ಇವರು ಈ ಸಲಾನೂ ಹೋಗ್ತಾರಂತೆ. ಈ ಕಂಬ್ಳಿ ತಗಂಡು ನೀವು ಬಂದ್ರೆ ಅಲ್ಲಿ ಹಾಸಬಹುದು ಅಂತಾರೆ."

ರಂಗಪ್ಪ ಕಂಬಳಿಯ ಅಂಚಿನ ಒಂದು ಎಳೆಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ.

"ಒಂದೇ ಮಾತಿಗೆ ಅಷ್ಟು ಹೆಸರಾ?"

"ಒಂದೇ ತಾಯಿ ಮಕ್ಕಳು ಅಜ್ಜ ಅವೆಲ್ಲ."

"ಹಿಂಡು ಒಡೆದ್ರೂ ಕಿವಿ ಗುರುತು ಇದ್ದೇ ಇರ್ತೈತೆ ಬಿಡು." ಹೆಂಡತಿಯ ಕಡೆ ತಿರುಗಿದ. "ಏನಂತೀಯೇ? ಮುದ್ದೆ ಸಿಗಂಗಿಲ್ಲ ಅಲ್ಲಿ."

"ಹಿಟ್ಟು ಕಟ್ಟಿ ಕೊಡ್ತೀನಿ, ಹೋಗು. ಅವರ ನಾಯಿ ಕಂಡು ಬಾ."

"ಹೋಗಾಣ ಹಂಗಾರೆ," ಎಂದ ರಂಗಪ್ಪ.

ಚೇತನ್‌ಕುಮಾರ್ ಹಣೆಯಿಂದ ಕೈ ತೆಗೆದ. ಓಡಿ ಬಂದು ಚಪ್ಪಲಿ ಬಿಟ್ಟು, ಕಂಬಳಿ ಹತ್ತಲು ಹೋಗಿ, ಏನೋ ನೆನಪಾದವನಂತೆ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ರಂಗಪ್ಪನ ಎರಡೂ ಕೈ ಹಿಡಿದುಕೊಂಡ.

"ಭಾಳ ಸಂತೋಷ ಯಜಮಾನ್ರೇ. ಭಾಳ ಸಂತೋಷ. ಇನ್ನು ಜೊತೆಗೆ ಬರೋರ ವಿಷಯ ನನಗೆ ಬಿಡಿ. ಇವತ್ತು ಆದದ್ದು ಅಲ್ಲಿ ಆಗಬಾರದು." ಅವನು ಚೈತ್ರಾಳನ್ನು ನೋಡಲಿಲ್ಲ. "ಬೆಂಗಳೂರಲ್ಲಿ ಒಬ್ಬರು ಮೇಡಂ ಇದ್ದಾರೆ. ಸ್ಪ್ಯಾನಿಷ್, ಫ್ರೆಂಚು, ಇಟಾಲಿಯನ್ನು, ಎಲ್ಲ ಬರುತ್ತೆ. ಎಲ್ಲದಕ್ಕೂ ಸರ್ಟಿಫಿಕೇಟು ಇದೆ. ಕನ್ನಡಾನೂ ಚೆನ್ನಾಗಿದೆ. ಅವರನ್ನೇ ನಿಮ್ಮ ಜೊತೆ ಕಳಿಸ್ತೀನಿ."

ಚೈತ್ರಾ ತಲೆ ತಗ್ಗಿಸಿದಳು. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದುಮಿತ್ರು ಅವಳ ಮೊಣಕೈ ತಟ್ಟಿ, ಇವನು ಏನು ಹೇಳುತ್ತಿದ್ದಾನೆ ಎಂದು ಕೇಳಿದ. ಅವಳು ಅವನಿಗೂ ದಾಟಿಸಿದಳು: ನನಗಿಂತ ಒಳ್ಳೆಯವರೊಬ್ಬರಿದ್ದಾರೆ, ಬಹಳ ಭಾಷೆ ಬಲ್ಲವರು, ನನ್ನ ಬದಲು ಅವರನ್ನು ಕಳಿಸುತ್ತಾರಂತೆ. ಒಂದು ಮಾತನ್ನೂ ಕತ್ತರಿಸಲಿಲ್ಲ.

ರಂಗಪ್ಪ ಅವಳು ಹೇಳಿ ಮುಗಿಸುವವರೆಗೂ ಕಾದ. ಆಮೇಲೆ ಚೇತನ್‌ಕುಮಾರನ ಹಿಡಿತದಿಂದ ತನ್ನ ಎರಡೂ ಕೈಗಳನ್ನು ಮೆಲ್ಲಗೆ ಬಿಡಿಸಿಕೊಂಡ.

"ಒಲ್ಲೆ," ಎಂದ. "ಈ ಕಂಬ್ಳಿ ಮ್ಯಾಲೆ ಮಾತು ಹೊತ್ತೋಳೇ ಬರಬೇಕು."